ಬೆಳಕು ಬಂದ ಎಂಟು ತಿಂಗಳು

ಮೊದಲ ಸಲ ಅದು ಬಂದದ್ದು ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ. ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು, ಅದರ ಮೇಲೆ ದೃಷ್ಟಿ ನಿಲ್ಲಿಸಿ ಕುಳಿತಿದ್ದೆ. ಬುದ್ಧಿ ಬಂದಾಗಿನಿಂದ ಹಾಗೆ ಕುಳಿತಿದ್ದೇನೆ. ನಲವತ್ತು ವರ್ಷಕ್ಕೂ ಹೆಚ್ಚು. ಖರೆ ಹೇಳಬೇಕೆಂದರೆ ಕಣ್ಣು ಲಿಂಗದ ಮೇಲಿದ್ದರೂ ಮನಸ್ಸು ಬೇಳೆ ಬೇಯಲು ಇಟ್ಟೆನೋ ಇಲ್ಲವೋ ಎಂಬುದರ ಮೇಲೆ ಇರುತ್ತಿತ್ತು. ಹುನಗುಂದದಲ್ಲಿ ಕೋರ್ಟಿನ ಹತ್ತಿರ ನಮ್ಮದೊಂದು ಸಣ್ಣ ಖಾನಾವಳಿ. ಹನ್ನೊಂದೂವರೆಗೆ ಮೊದಲ ಪಂಕ್ತಿ ಕೂಡುತ್ತದೆ.

ಅವತ್ತು ಹೊಟ್ಟೆಯಿಂದ ಏನೋ ಎದ್ದಿತು. ಜೋಕಾಲಿ ಜೀಕುವಾಗ ಹೊಟ್ಟೆಯಲ್ಲಿ ಆಗುತ್ತದಲ್ಲ, ಹಾಗೆ. ಎದೆ ದಾಟಿತು. ಗಂಟಲಿಗೆ ಬಂತು. ಎಲ್ಲಿಂದಲೋ ಹುರಿದ ಎಳ್ಳಿನ ವಾಸನೆ. ಮನೆಯಲ್ಲಿ ಯಾರೂ ಎಳ್ಳು ಹುರಿದಿರಲಿಲ್ಲ. ಆಮೇಲೆ ಲಿಂಗದ ಕಪ್ಪಿನ ಮೇಲಿನ ಹೊಳಪು ಹರಡತೊಡಗಿತು. ಅಂಗೈ, ಮೊಣಕೈ, ಎದುರಿನ ಗೋಡೆ, ಎಲ್ಲವೂ ಅದರೊಳಗೆ ಹೋದವು. ಎಲ್ಲವೂ ನನಗೆ ಮೊದಲೇ ಗೊತ್ತಿತ್ತು, ಎಲ್ಲವೂ ಇರಬೇಕಾದ ಹಾಗೆಯೇ ಇದೆ, ಸತ್ತುಹೋದ ನಮ್ಮವ್ವ ಕೂಡ ಎಲ್ಲಿಗೂ ಹೋಗಿಲ್ಲ ಎನ್ನಿಸಿತು. ಬರೆಯಹೋದರೆ ಮಾತು ಸಣ್ಣದಾಗುತ್ತದೆ. ಏನು ಮಾಡಲಿ.

ಎಚ್ಚರವಾದಾಗ ಪತ್ರಿ ಚೆಲ್ಲಿತ್ತು. ತಂಬಿಗೆ ಉರುಳಿತ್ತು. ಮೈ ಮಾತ್ರ ಹತ್ತು ಚೀಲ ಜೋಳ ಹೊತ್ತ ಹಾಗೆ ದಣಿದಿತ್ತು.

ನಮ್ಮ ಮನೆಯವರಿಗೆ ಹೇಳಿದೆ. ಅವರು ಗಲ್ಲ ಗಲ್ಲ ಬಡಿದುಕೊಂಡರು.

“ಪುಣ್ಯಾ ಮಾಡಿ ಲೇ ನೀ. ನಮ್ಮಪ್ಪ ಜೀವಾ ಇರೂತನಕ ಪೂಜಾಕ ಕುಂತ. ಅವಗ ಮೊಣಕಾಲ ಬ್ಯಾನಿ ಬಿಟ್ರ ಮತ್ತೇನೂ ಬರಲಿಲ್ಲ.”

ನಮ್ಮಲ್ಲಿ ಒಂದು ರೂಢಿ ಇದೆ. ಲಿಂಗ ಅಂಗೈ ಮೇಲಿದ್ದಾಗ ಆ ಮನುಷ್ಯರನ್ನು ಯಾರೂ ಕರೆಯಬಾರದು, ಮುಟ್ಟಬಾರದು. ಮನೆಗೆ ಬೀಗರು ಬಂದರೂ ಕಟ್ಟೆಯ ಮೇಲೆ ಕಾಯಬೇಕು. ಹೀಗಾಗಿ ಆ ಬೆಳಕು ವಾರಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ ಬಂದು ನನ್ನ ಕಣ್ಣು ನೆಟ್ಟುಹೋದಾಗ, ಯಾರೂ ಮುಟ್ಟಿ ಎಬ್ಬಿಸಲಿಲ್ಲ. ನನ್ನ ನೆಗೆಣ್ಣಿ, ಮೈದುನನ ಹೆಂಡತಿ ನೀಲವ್ವ ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದಳು. ಖಾನಾವಳಿಯ ಅರ್ಧ ಭಾರ ಹೊತ್ತವಳು ಅವಳೇ.

“ಅಕ್ಕ ಪೂಜಾದಾಗ ಮುಳಿಗ್ಯಾಳ. ಯಾರೂ ಗದ್ಲಾ ಮಾಡಬ್ಯಾಡ್ರಿ.”

ನನಗೆ ಆಸೆ ಹತ್ತಿತು. ಐದಕ್ಕೆ ಏಳುತ್ತಿದ್ದವಳು ನಾಲ್ಕಕ್ಕೆ ಎದ್ದೆ. ಆಮೇಲೆ ಮೂರಕ್ಕೆ. ಒಂದೇ ಹೊತ್ತು ಊಟ. ನಿದ್ದೆ ಕಡಿಮೆ ಮಾಡಿದಷ್ಟೂ ಬೆಳಕು ಹೆಚ್ಚು ಬಂತು. ಸಾಧನೆಗೆ ಫಲ ಸಿಕ್ಕಿದೆ ಎಂದುಕೊಂಡೆ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಸುದ್ದಿ ಊರಲ್ಲಿ ಹಬ್ಬಿತು. ಉಂಡು ಕೈ ತೊಳೆದ ವಕೀಲರು, ಕಕ್ಷಿದಾರರು ನನ್ನ ಕಾಲಿಗೆ ಎರಗತೊಡಗಿದರು. ನಾಚಿಕೆ ಬಿಟ್ಟು ಬರೆಯುತ್ತೇನೆ, ನನಗೆ ಅದು ಬೇಕಾಗಿತ್ತು. ಇಷ್ಟು ವರ್ಷ ಪಲ್ಯ ಕೇಳುತ್ತಿದ್ದ ಬಾಯಿ “ಅವ್ವಾರ, ಆಶೀರ್ವಾದ ಮಾಡ್ರಿ” ಎಂದರೆ ಯಾರಿಗೆ ಬೇಡ?

ಕಾಲಿಗೆ ಬೀಳದವನು ಒಬ್ಬನೇ, ಗಿರಣಿಯ ಹುಸೇನಸಾಬ. ನಮಗೆ ಜೋಳದ ಹಿಟ್ಟು ತಂದುಕೊಡುತ್ತಾನೆ. ಒಂದು ಮುಂಜಾನೆ ಚೀಲ ಇಳಿಸಿ ಒಲೆಯ ಎದುರೇ ನಿಂತುಬಿಟ್ಟ.

“ಅಕ್ಕಾರ, ಈಗ ನಾ ಏನ ಕೇಳಿದ್ನಿ ನಿಮಗ?”

“ನೀ ಏನೂ ಕೇಳಿಲ್ಲಲ್ಲೋ ತಮ್ಮಾ.”

“ಮೂರ ಸಲ ಕೇಳಿದ್ನಿ, ನಾಳಿಗೆ ಹಿಟ್ಟು ಎಷ್ಟು ತರ್ಲಿ ಅಂತ. ನೀವು ತುಟಿ ಚಪ್ಪರಿಸ್ಕೋತ, ಸೆರಗ ಹಿಂಡ್ಕೋತ ಕುಂತಿದ್ರಿ. ನನ್ನ ತಂಗಿ ಮಗಳಿಗೂ ಹಿಂಗ ಆಗತಿತ್ತು. ದವಾಖಾನಿಗೆ ತೋರಸ್ರಿ.”

ನೀಲವ್ವ ಸಿಡುಕಿದಳು. “ನೀ ಹಿಟ್ಟ ಬೀಸಾಂವ, ಹಿಟ್ಟ ಬೀಸು. ಅಕ್ಕನ ಭಕ್ತಿ ನಿನಗೇನ ತಿಳೀತೈತಿ?”

“ಭಕ್ತಿ ತಿಳಿಯಂಗಿಲ್ಲವಾ. ತುಟಿ ಕಾಣ್ತೈತಿ” ಎಂದು ಅವನು ಹೋದ. ನಾವಿಬ್ಬರೂ ಅವನನ್ನು ಆಡಿಕೊಂಡು ನಕ್ಕೆವು.

ಎಂಟನೆಯ ತಿಂಗಳು. ಮಧ್ಯಾಹ್ನ. ಪಂಕ್ತಿ ತುಂಬಿತ್ತು. ರೊಟ್ಟಿ ತಿರುವಲು ಕೈ ಚಾಚಿದ್ದು ನೆನಪಿದೆ. ಎಳ್ಳಿನ ವಾಸನೆ ನೆನಪಿದೆ.

ಕೈ ಹಂಚಿನ ಮೇಲೆಯೇ ಉಳಿಯಿತು.

ನೀಲವ್ವ ಪಕ್ಕದಲ್ಲೇ ಇದ್ದಳು. ನೋಡಿದಳು. ಮುಟ್ಟಲೋ ಬೇಡವೋ ಎಂದು ಒಂದು ಗಳಿಗೆ ಹಿಂಜರಿದಳಂತೆ. ಅಂಗೈಯಲ್ಲಿ ಲಿಂಗವಿರಲಿಲ್ಲ, ಎದುರಿಗೆ ಉರಿಯುವ ಒಲೆ ಇತ್ತು, ಆದರೂ ಎಂಟು ತಿಂಗಳ ರೂಢಿ ಅವಳ ಕೈ ಹಿಡಿದಿತ್ತು. ಚರ್ಮ ಸುಟ್ಟ ವಾಸನೆ ಬಂದ ಮೇಲೆ ಚೀರಿ ಎಳೆದಳು. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ದಿನಗಳ ನಂತರ, ಅತ್ತು ಅತ್ತು. ಅವಳ ತಪ್ಪಲ್ಲ. ಆ ರೂಢಿ ಕಲಿಸಿದವಳು ನಾನೇ.

ನನಗೆ ನೋವೇ ಗೊತ್ತಾಗಿರಲಿಲ್ಲ. ಗೊತ್ತಾದದ್ದು ಆಮೇಲೆ.

ಹುನಗುಂದದಲ್ಲಿ ಡ್ರೆಸ್ಸಿಂಗ್ ಮಾಡಿದವರು ಕೈಗಿಂತ ಹೆಚ್ಚಾಗಿ ನನ್ನ ಮುಖ ನೋಡಿದರು. ಬಾಗಲಕೋಟೆಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ನ್ಯೂರಾಲಜಿ ಡಾಕ್ಟರು ಚಿಕ್ಕ ಪ್ರಾಯದ ಹೆಣ್ಣುಮಗಳು, ಮಾತೆಲ್ಲ ನಮ್ಮ ಸೀಮೆಯದೇ. ನನ್ನನ್ನು ಬಿಟ್ಟು ಮೊದಲು ನಮ್ಮ ಮನೆಯವರನ್ನು ಕೇಳಿದಳು.

“ಇವರಿಗೆ ಹಂಗ ಆದಾಗ ನೀವು ಏನ ನೋಡೀರಿ ಹೇಳ್ರಿ. ಅವರಿಗೆ ಗೊತ್ತಿರಂಗಿಲ್ಲ.”

“ಕಣ್ಣು ಹೊಳ್ಳಸಂಗಿಲ್ರಿ. ತುಟಿ ಆಡ್ತಾವು. ಬೆರಳು ಸೀರಿ ಅಂಚು ಹುಡುಕ್ತಾವು. ಒಂದೆರಡು ಮಿನಿಟು. ನಾ… ನಾ ಜಪಾ ಮಾಡಾಕತ್ತಾಳ ಅನ್ಕೊಂಡ್ನಿರಿ.”

“ಇದಕ್ಕ ಫಿಟ್ಸ್ ಅಂತೇವ್ರಿ.”

“ಫಿಟ್ಸ್ ಅಂದ್ರ ನೆಲಕ್ಕ ಬಿದ್ದು ಒದ್ದಾಡೂದಲ್ಲೇನ್ರಿ?”

“ಎಲ್ಲಾ ಫಿಟ್ಸೂ ಬೀಳಸಂಗಿಲ್ರಿ. ಕೆಲವು ಸುಮ್ನ ಕುಂದ್ರಸ್ತಾವು.”

ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಎಂಟು ತಿಂಗಳು ದಿನಾಲೂ ಎದುರಿಗೆ ಕುಳಿತು ಕೈ ಮುಗಿದಿದ್ದರು ಪಾಪ.

ಎಂಆರ್‌ಐಯಲ್ಲಿ ಬಲಗಿವಿಯ ಮೇಲ್ಗಡೆ ಒಳಗೆ ಒಂದು ಸಣ್ಣ ಕಲೆ ಕಂಡಿತು. ಎಳವೆಯಲ್ಲಿ ಜ್ವರ ನೆತ್ತಿಗೇರಿ ನಾನು ಸೆಟೆದುಕೊಂಡಿದ್ದೆನೆಂದು ನಮ್ಮವ್ವ ಹೇಳುತ್ತಿದ್ದಳು. ಅದರ ಗುರುತಿರಬಹುದು ಎಂದಳು ಡಾಕ್ಟರು. ಇಷ್ಟು ವರ್ಷ ಸುಮ್ಮನಿದ್ದದ್ದು ಈಗೇಕೆ ಎದ್ದಿತು ಎಂಬುದಕ್ಕೆ ಉತ್ತರ ಸಿಗಲಿಲ್ಲ. ಆದರೆ ನಿದ್ದೆಗೆಟ್ಟು, ಹೊಟ್ಟೆಗೆ ಕಡಿಮೆ ತಿಂದು ಅದನ್ನು ಬೆಳೆಸಿದವಳು ನಾನೇ ಎಂಬುದು ಗೊತ್ತಾಯಿತು.

ಮರುದಿನ ಇಇಜಿ. ತಲೆಯ ತುಂಬ ಅಂಟು ಹಚ್ಚಿ ವೈರು ಕೂಡಿಸಿದರು. ಎದುರಿಗೆ ಕ್ಯಾಮೆರಾ. ಡಾಕ್ಟರು ಬಂದು ಕೇಳಿದಳು.

“ಲಿಂಗ ತಂದೀರೇನ್ರಿ? ದಿನಾ ಹೆಂಗ ಪೂಜಾ ಮಾಡ್ತೀರಿ, ಹಂಗ ಮಾಡ್ರಿ.”

ಆ ವೈರುಗಳ ನಡುವೆ, ಸ್ಪಿರಿಟ್ಟಿನ ವಾಸನೆಯಲ್ಲಿ, ಬ್ಯಾಂಡೇಜಿನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಒಂದು ತಾಸು ಏನೂ ಬರಲಿಲ್ಲ. ದೇವರಿಗೂ ಕ್ಯಾಮೆರಾದ ನಾಚಿಕೆಯೇನೋ ಎಂದುಕೊಂಡೆ. ಆಮೇಲೆ ಬಂತು. ತುಂಬ ಬಂತು.

ಸಂಜೆ ಡಾಕ್ಟರು ಕಂಪ್ಯೂಟರು ನಮ್ಮ ಕಡೆ ತಿರುಗಿಸಿದಳು. ಮೊದಲು ಸಣ್ಣ ಗೆರೆಗಳು, ಎಳೆಬಿಸಿಲಲ್ಲಿ ಕೆರೆಯ ನೀರು ಮಿಸುಕಿದ ಹಾಗೆ. ಒಂದು ಕಡೆ ಅವು ಒಮ್ಮೆಲೇ ಮುಳ್ಳುಬೇಲಿಯಾಗಿದ್ದವು.

“ಇದ ನೋಡ್ರಿ ನಿಮ್ಮ ಬೆಳಕು.”

ಬಹಳ ಹೊತ್ತು ನೋಡಿದೆ. ನನ್ನ ಅವ್ವ ಆ ಮುಳ್ಳುಗಳಲ್ಲಿ ಎಲ್ಲಿಯೂ ಇರಲಿಲ್ಲ.

“ಹಂಗಾರ ನಾ ಕಂಡಿದ್ದು ಸುಳ್ಳೇನ ಡಾಕ್ಟರವ್ವಾ?”

ಅವಳು ತಟ್ಟನೆ ಉತ್ತರ ಕೊಡಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ನಂಬಿಕೆ ಬಂತು.

“ನಿಮಗ ಕಂಡಿದ್ದು ಖರೇರಿ. ಅದು ಮಿದುಳಿನ್ಯಾಗ ಎಲ್ಲಿಂದ ಎದ್ದೈತಿ ಅನ್ನೂದಷ್ಟ ಈ ಮಷೀನಿಗೆ ಗೊತ್ತು. ಅದರಾಚೆ ಏನೈತಿ ಅಂತ ನೀವು ನನ್ನ ಕೇಳಿದ್ರ, ನಾ ಯಾರನ್ನ ಕೇಳ್ಲಿ?” ಆಮೇಲೆ ಗೆರೆಗಳ ಮೊದಲ ಭಾಗಕ್ಕೆ ಬೆರಳಿಟ್ಟಳು. “ಈ ಒಂದು ತಾಸು ನೋಡ್ರಿ. ಏನೂ ಬರಲಿಲ್ಲ ಅಂದ್ರಲ್ಲ, ಈ ತಾಸು. ಧ್ಯಾನಾ, ಪೂಜಾ ಮಾಡೋರ ಮಿದುಳು ಏನಾಗತೈತಿ ಅಂತ ದೇಶ ದೇಶದಾಗ ನೋಡಾಕತ್ತಾರ. ಒಬ್ಬರ ಒಂದು ದಿನದ ಗೆರಿ ನೋಡಿ ನಾ ದೊಡ್ಡ ಮಾತ ಹೇಳಬಾರದು. ಆದ್ರ ಇಲ್ಲಿ ನೀವು ಎಚ್ಚರ ಅದೀರಿ, ಸಮಾಧಾನ ಅದೀರಿ. ಬೆಳಕು ಬಂದಾಗ ನೀವ ಇಲ್ಲ.”

ನನಗೆ ಆಗ ಅದರಿಂದ ಏನೂ ಸಮಾಧಾನವಾಗಲಿಲ್ಲ ಎಂಬುದನ್ನೂ ಬರೆಯಬೇಕು. ಅಕ್ಕಿ ತೆಗೆದುಕೊಂಡು ಹೊಟ್ಟು ಕೈಗಿಟ್ಟ ಹಾಗೆ ಅನ್ನಿಸಿತು.

ಗುಳಿಗೆ ಶುರುವಾದವು, ಮುಂಜಾನೆಗೊಂದು, ರಾತ್ರಿಗೊಂದು. ಹೊತ್ತಿಗೆ ಸರಿಯಾಗಿ ನಿದ್ದೆ, ಊಟ. ಒಲೆಯ ಹತ್ತಿರ, ಬಾವಿಯ ಹತ್ತಿರ ಒಬ್ಬಳೇ ಹೋಗುವಂತಿಲ್ಲ. ನೀಲವ್ವ ಹಂಚಿಗೆ ಕುಳಿತಳು, ನಾನು ಬಡಿಸಲು ನಿಂತೆ. ತಲೆಯೊಳಗೆ ಒದ್ದೆ ಹತ್ತಿ ತುಂಬಿದ ಹಾಗೆ. ಮಧ್ಯಾಹ್ನ ನಿಂತಲ್ಲೇ ತೂಕಡಿಕೆ. ಗೊತ್ತಿದ್ದ ಹೆಸರುಗಳು ನಾಲಿಗೆಗೆ ಬಾರವು. ಸಾರು ಬಡಿಸಿದವರಿಗೇ ಮತ್ತೆ ಬಡಿಸುತ್ತಿದ್ದೆ.

ಬೆಳಕು ನಿಂತುಹೋಯಿತು.

ಬೆಳಿಗ್ಗೆ ಕುಳಿತರೆ ಅಂಗೈ ಇತ್ತು, ಲಿಂಗ ಇತ್ತು, ಬೆನ್ನುನೋವು ಇತ್ತು. ಗಂಡ ತೀರಿಕೊಂಡವಳು ಅವನ ಅಂಗಿ ಮಡಚುವ ಹಾಗೆ ಪೂಜೆ ಮುಗಿಸಿ ಏಳುತ್ತಿದ್ದೆ. ಎರಡು ತಿಂಗಳು ತಡೆದೆ. ಮೂರನೆಯ ತಿಂಗಳು ಗುಳಿಗೆ ಬಾಯಲ್ಲಿಟ್ಟುಕೊಂಡು, ಹಿತ್ತಲಿಗೆ ಹೋಗಿ ಉಗುಳತೊಡಗಿದೆ. ಯಾರಿಗೂ ಹೇಳಲಿಲ್ಲ. ಒಂಬತ್ತು ದಿನ.

ಒಂಬತ್ತನೆಯ ದಿನ ಅಮಾವಾಸ್ಯೆ. ನಾನೂ ನಮ್ಮ ಮನೆಯವರೂ ಕೂಡಲಸಂಗಮಕ್ಕೆ ಹೋದೆವು. ಸ್ನಾನ ಮಾಡಿ, ಮೊಣಕಾಲು ಮುಳುಗುವಷ್ಟು ನೀರಿನ ಮೆಟ್ಟಿಲ ಮೇಲೆ ಕುಳಿತೆ. ಇವರು ಮೇಲಿನ ಮೆಟ್ಟಿಲಲ್ಲಿ ಪಂಚೆ ಹಿಂಡುತ್ತಿದ್ದರು. ಲಿಂಗದ ಕರಡಿಗೆ ಬಿಚ್ಚುವ ಮೊದಲೇ ಹೊಟ್ಟೆಯಿಂದ ಎದ್ದಿತು. ಹೊಳೆ ಪೂರ್ತಿ ಬೆಳಗಿತು. ನಾನು ಅಷ್ಟು ಸುಖವನ್ನು ಮತ್ತೆಂದೂ ಕಂಡಿಲ್ಲ.

ಕಣ್ಣು ತೆರೆದಾಗ ಇವರ ಎರಡೂ ಕೈ ನನ್ನ ತುರುಬಿನಲ್ಲಿದ್ದವು. ಎದೆಮಟ್ಟ ಒದ್ದೆಯಾಗಿದ್ದರು. ಬೈಯುತ್ತಿದ್ದರು, ಅಳುತ್ತಿದ್ದರು. ಈ ಸಲ ಮೈಯೆಲ್ಲ ಸೆಟೆದು ನೀರಿಗೆ ಜಾರಿದ್ದೆನಂತೆ.

“ಗುಳಿಗಿ ಬಿಟ್ಟೀಯಲ್ಲ ನೀ?”

ತಲೆಯಾಡಿಸಿದೆ.

“ಬೆಳಕ ಬಂತೇನ?”

“ಬಂತ್ರಿ.”

“ನಿನಗ ಬೆಳಕ ಕಾಣ್ತು. ನನಗ ನಿನ್ನ ತಲಿ ನೀರಾಗ ಹೋಗೂದು ಕಾಣ್ತು.” ಪಂಚೆಯಿಂದ ನನ್ನ ತಲೆ ಒರೆಸುತ್ತ ಅಂದರು, “ದೇವರು ಬರೂದಿದ್ರ ಗುಳಿಗಿ ದಾಟಿ ಬರಲಿ ಲೇ. ಅಷ್ಟೂ ತ್ರಾಣ ಇಲ್ಲೇನ ಅವಗ?”

ಓದು ಬರಹ ನಾಲ್ಕನೇ ಇಯತ್ತೆಗೆ ಬಿಟ್ಟ ಮನುಷ್ಯ. ಬಸ್ಸಿನಲ್ಲಿ ಅವರೇ ಗುಳಿಗೆ ಬಿಡಿಸಿ ಕೊಟ್ಟರು. ನುಂಗಿ, ಬಾಯಿ ತೆರೆದು ತೋರಿಸಿದೆ.

ಅಂದಿನಿಂದ ಬಿಟ್ಟಿಲ್ಲ. ದಣಿವು ಹೋಗಿಲ್ಲ, ನಾನೇ ಅದಕ್ಕೆ ಹೊಂದಿಕೊಂಡಿದ್ದೇನೆ. ಪೂಜೆಗೆ ಕುಳಿತಾಗ ಇವರು ಎದುರಿಗೆ ಕುಳಿತು ನಡುನಡುವೆ ಕರೆಯುತ್ತಾರೆ, ನಾನು ಹೂಂ ಅನ್ನುತ್ತೇನೆ. ಮೊದಲು ರೇಗುತ್ತಿತ್ತು. ಈಗ ಯಾವುದಾದರೂ ದಿನ, ಎಲ್ಲ ದಿನವಲ್ಲ, ಒಂದು ಕರೆಗೂ ಇನ್ನೊಂದು ಕರೆಗೂ ನಡುವೆ ಉಸಿರು ತಾನಾಗಿ ನಿಧಾನವಾಗುತ್ತದೆ. ಇದು ಬೆಳಕಲ್ಲ. ಇದನ್ನು ಹೇಳಿಕೊಂಡರೆ ಯಾರೂ ಕಾಲಿಗೆ ಬೀಳುವುದಿಲ್ಲ.

ಆದರೂ ಕಾಲಿಗೆ ಬೀಳುವವರು ಬರುತ್ತಲೇ ಇದ್ದರು. ನಮಗೆ ಬಂದದ್ದು ಏನೆಂದು ನಾವು ಊರಿಗೆ ಹೇಳಿರಲಿಲ್ಲ. ಕೈಗೆ ಬಿಸಿ ತಾಗಿತು ಅಂದಿದ್ದೆವು, ಅಷ್ಟೇ. ಹೋದ ತಿಂಗಳು ಶಿರೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು, ಜೊತೆಗೆ ಹದಿನೇಳು ಹದಿನೆಂಟರ ಮಗಳು. ಕುರಿ ಸಾಕಿದ ಮನೆತನ, ಬೀರಪ್ಪ ದೇವರ ಒಕ್ಕಲು. ಊಟದ ಹೊತ್ತು, ಪಂಕ್ತಿಯಲ್ಲಿ ವಕೀಲರು ಕುಳಿತಿದ್ದರು.

“ಯವ್ವಾ, ಈಕಿ ಮೈಮ್ಯಾಲೆ ಬೀರಪ್ಪ ಬರಾಕತ್ತಾನ. ಒಮ್ಮೆಲೇ ಕಣ್ಣ ನೆಟ್ಟು ಕುಂದರತಾಳ. ನೀ ತಲಿ ಮ್ಯಾಲ ಕೈ ಇಡು.”

“ಆವಾಗ ತುಟಿ ಚಪ್ಪರಸ್ತಾಳೇನು? ಏಳೂ ಮುಂದ ಸುಸ್ತಾಗತೈತೇನು?”

“ಹೌದವಾ! ನಿನಗ ಹೆಂಗ ಗೊತ್ತು?”

“ಬಾಗಲಕೋಟಿಗೆ ಕರಕೊಂಡ ಹೋಗು. ಇದು ಬ್ಯಾನಿ ಇರಬಹುದು, ಡಾಕ್ಟರಿಗೆ ತೋರಸು.”

ತಾಯಿಯ ಮುಖ ಕೆಂಪಾಯಿತು. “ಹೌದೌದು. ನಿನಗ ಬಂದ್ರ ದೇವ್ರು, ನನ್ನ ಮಗಳಿಗೆ ಬಂದ್ರ ಬ್ಯಾನಿ. ಕುರಿ ಕಾಯೋರ ಮನೀಗೆ ದೇವ್ರು ಬರಬಾರದೇನು?”

ಪಂಕ್ತಿಯಲ್ಲಿ ಕೈಗಳು ತಾಟಿನ ಮೇಲೆ ನಿಂತವು. ನೀಲವ್ವ ಒಲೆಯ ಮುಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಬೇಡ ಎನ್ನುವಂತಿತ್ತು ಅವಳ ನೋಟ.

“ನನಗ ಬಂದಿದ್ದೂ ಬ್ಯಾನೀನ ತಂಗಿ. ಫಿಟ್ಸು. ದಿನಾ ಎರಡು ಗುಳಿಗಿ ತಗೋತೇನಿ.”

ಹೇಳಿಬಿಟ್ಟೆ. ಯಾರೋ ಕೆಮ್ಮಿದರು. ಒಬ್ಬ ವಕೀಲರು ತಲೆ ತಗ್ಗಿಸಿ ಊಟ ಮುಂದುವರಿಸಿದರು. ಡಾಕ್ಟರ ಹೆಸರು, ದವಾಖಾನೆ ಇರುವ ಜಾಗ ಬರೆದು ಚೀಟಿ ಕೊಟ್ಟೆ. ತಾಯಿ ಅದನ್ನು ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

ಮಗಳು ಮೆಲ್ಲಗೆ ಕೇಳಿದಳು, “ಗುಳಿಗಿ ತಗೊಂಡ್ರ ಅದು ಖರೇನ ಹೋಗಿಬಿಡತೈತೇನ್ರಿ?”

ಹೆದರಿ ಕೇಳುತ್ತಿದ್ದಾಳೋ, ಕಳೆದುಕೊಳ್ಳುವ ಸಂಕಟಕ್ಕೆ ಕೇಳುತ್ತಿದ್ದಾಳೋ, ಮೊದಲು ತಿಳಿಯಲಿಲ್ಲ. ಕಣ್ಣು ನೋಡಿದ ಮೇಲೆ ತಿಳಿಯಿತು, ಅವಳಿಗೂ ಬೆಳಕು ಕಂಡಿತ್ತು.

“ಹೋಗತೈತವಾ,” ಅಂದೆ. “ನೀ ಉಳೀತಿ.”

ಅವಳು ಅತ್ತಳು. ಅದು ಎಂಥ ಅಳು ಎಂದು ಅಲ್ಲಿದ್ದವರಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಇಬ್ಬರನ್ನೂ ಪಂಕ್ತಿಯ ಕೊನೆಗೆ ಕೂಡಿಸಿ ತಾಟು ಹಚ್ಚಿದೆ. ಸುಟ್ಟ ಬೆರಳು ಪೂರ್ತಿ ಮಡಚುವುದಿಲ್ಲ, ಎಡಗೈಯಿಂದ ಆಸರೆ ಕೊಟ್ಟು ಸಾರು ಬಡಿಸಿದೆ. ಇಷ್ಟು ಮಾಡಲು ನಾನು ಉಳಿದಿದ್ದೇನಲ್ಲ, ಅದಕ್ಕೆ ಯಾರಿಗೋ ಋಣಿ. ಯಾರಿಗೆ ಎಂದು ಗೊತ್ತುಮಾಡಿಕೊಳ್ಳುವ ಗಡಿಬಿಡಿ ಈಗಿಲ್ಲ.