ಎಂಟು ಗಂಟೆಯ ಪೆಪ್ಪರ್‌ಮಿಂಟ್

"ನನ್ ಸೊಸೆ ರಾತ್ರಿ ಎಂಟು ಗಂಟೆಗೆ ಒಬ್ಳೇ ಪೆಪ್ಪರ್‌ಮಿಂಟ್ ತಿಂತಾಳಲ್ಲ, ಕೊಟ್ಟಿದ್ದು ನೀವೇನಾ ಮೇಡಂ?"

ನನ್ನ ಬಳಿ ಬರುತ್ತಿದ್ದ ಹೆಣ್ಣುಮಗಳ ಅತ್ತೆ, ಹೆಗ್ಗನಹಳ್ಳಿಯಿಂದ ಬಂದು ಆಸ್ಪತ್ರೆಯ ನನ್ನ ಕೋಣೆಯ ಬಾಗಿಲಲ್ಲೇ ಕೇಳಿದರು. ಎಚ್‌ಐವಿ ಮಾತ್ರೆ ಶುರುವಾಗುವ ಮೊದಲು ಹೊತ್ತು ತಪ್ಪದ ಅಭ್ಯಾಸವಾಗಲಿ ಎಂದು, ಆಪ್ತಸಮಾಲೋಚಕಿಯಾದ ನಾನೇ ಸೊಸೆಗೆ ದಿನಕ್ಕೊಂದರಂತೆ ಏಳು ಪೆಪ್ಪರ್‌ಮಿಂಟ್ ಕೊಟ್ಟಿದ್ದೆ. ಕಾಯಿಲೆಯ ವಿಷಯ ಅತ್ತೆಗೆ ಗೊತ್ತಾದರೆ ಮನೆಯಿಂದ ಹೊರಗೆ ಹಾಕುತ್ತಾರೆ ಎಂದು ಅವಳು ಅತ್ತಿದ್ದಳು.

"ಬಯ್ದು ಕೇಳ್ದೆ, ಎಲ್ಲಾ ಹೇಳಿದ್ಲು," ಎಂದು ಅತ್ತೆ ಕುರ್ಚಿ ಎಳೆದು ಕೂತರು. "ಮರೆಗುಳಿ ಕಣಮ್ಮಾ ಇವ್ಳು, ಏಳರಲ್ಲಿ ಎರಡು ಉಳ್ಸಿದಾಳೆ. ಮಾತ್ರೆ ನಾನು ನೆನಪು ಮಾಡ್ತೀನಿ. ನಂಗೆ ಓದಕ್ಕೆ ಬರಲ್ಲ, ಗಡಿಯಾರದ ಮುಳ್ಳು ಎಲ್ಲಿರ್ಬೇಕು ಅಂತ ಚಿತ್ರ ಬರ್ಕೊಡಿ."

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಎಷ್ಟೋ ಪರೀಕ್ಷೆ ಬರೆದ ಕೈಯಲ್ಲಿ, ಅಂದು ಅವರಿಗೆ ಚಿಕ್ಕ ಮುಳ್ಳು ಎಂಟರ ಮೇಲೆ, ದೊಡ್ಡ ಮುಳ್ಳು ಹನ್ನೆರಡರ ಮೇಲೆ ಇಟ್ಟು ಗಡಿಯಾರ ಬರೆದುಕೊಟ್ಟೆ.