ವೈನಿ ಹಣೀ ಮ್ಯಾಲಿನ ಟೊಂಗಿ

ನಮ್ಮಣ್ಣ ಕೊಂಡಾಪುರದಾಗ ನೌಕರಿ ಸೇರಿ ಲ್ಯಾಪ್‌ಟಾಪ್ ತಗೊಂಡ ಮ್ಯಾಲೆ ಅವನ ಹಳೇ ಕಂಪ್ಯೂಟರ್ ನನ್ನ ಪಾಲಿಗೆ ಬಂತು. ಆಗ ನಾವಿದ್ದ ತಾರ್ನಾಕದಾಗ ನನ್ನ ವಯಸ್ಸಿನ ಹುಡುಗರೆಲ್ಲಾ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಸೇರಾಕತ್ತಿದ್ರು. ನಾನೂ ಸೇರಿದ್ದೆ. ಆದ್ರ ಮನಿಗೆ ಬಂದ ಕೂಡ್ಲೆ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ತೆಗದು ಕುಂದರ್ತಿದ್ದೆ. ಯಾರೂ ಕಲಿಸಿದ್ದಲ್ಲ, ನೆಟ್‌ನ್ಯಾಗ ನೋಡಿ ಕಲತದ್ದು. ಒಂದು ಪಾಠ ತೆರಿಯೋದ್ರಾಗ ಚಾ ಕುಡದು ಕಪ್ಪು ತೊಳದಿಟ್ಟು ಬರಬಹುದಿತ್ತು, ಅಷ್ಟು ನಿಧಾನ.

ಒಂದಿನ ಡಬಲ್ ಎಕ್ಸ್‌ಪೋಜರ್ ಅನ್ನೋದು ಕಣ್ಣಿಗೆ ಬಿತ್ತು. ಮುಖದ ಗೆರಿ ಮನುಷ್ಯಾರ್ದು, ಒಳಗ ತುಂಬಿದ್ದು ಕಾಡು, ಇಲ್ಲಾ ಸಮುದ್ರ. ನೋಡಿದ್ದ ತಡ, ಹುಚ್ಚು ಹಿಡೀತು.

ಅದ ಹೊತ್ತಿಗೆ ಮನ್ಯಾಗ ವೈನಿ ಕುಬಸದ ತಯಾರಿ ನಡದಿತ್ತು. ವೈನಿ ಅಂದ್ರ ನಮ್ಮಣ್ಣನ ಹೆಂಡ್ತಿ. ಅವರಿಗೆ ಏಳನೇ ತಿಂಗಳು. ಹುಮನಾಬಾದಿನಿಂದ ಬೀಗ್ರು ಬಂದು, ಕಾರ್ಯ ಮುಗಿಸಿ, ಬಾಣಂತನಕ್ಕ ಮಗಳನ್ನ ತವರಮನಿಗೆ ಕರಕೊಂಡು ಹೋಗೋರಿದ್ರು. ಜೋಡಿ ಒಯ್ಯಾಕ ವೈನಿದೊಂದು ಫೋಟೋ ನಾ ಮಾಡಿ ಕೊಡ್ತೀನಿ ಅಂದೆ. ಅವ್ವ ಹೂಂ ಅಂದ್ಲು, ಆದ್ರ ಒಂದು ಕರಾರು ಹಾಕಿದ್ಲು. ತನಗ ಪಸಂದ್ ಬಂದ್ರ ಫ್ರೇಮ್ ಹಾಕ್ಸೋದು, ಇಲ್ಲಂದ್ರ ಅಂಗಡಿಯಿಂದ ಒಂದು ಗ್ವಾಡಿ ಗಡಿಯಾರ ತಂದು ಕೊಡೋದು. ನನ್ನ ಮೊದಲನೇ ಕೆಲಸ ಒಂದು ಗಡಿಯಾರದ ಮುಂದ ಸೋಲೋದಂದ್ರೇನು ಅಂತ ನಾ ಹಟಕ್ಕ ಬಿದ್ದೆ.

ದೋಸ್ತನ ಕ್ಯಾಮೆರಾ ತಂದೆ. ಮಾಳಿಗಿ ಮ್ಯಾಲೆ ಬಟ್ಟಿ ಒಣಹಾಕೋ ಹಗ್ಗಕ್ಕ ಅಪ್ಪನ ಬಿಳಿ ಧೋತರ ಕಟ್ಟಿ, ಅದರ ಮುಂದ ವೈನಿನ್ನ ಕುಂದ್ರಿಸಿದೆ. ಮುಖ ಒಂದ ಕಡಿಗೆ ತಿರುಗಿರಬೇಕಿತ್ತು. ಆ ಕಡಿ ನೋಡ್ರಿ ಅಂದ್ರ, ಯಾವ ಕಡಿ ಅಂತ ಕೇಳಾಕ ಅವರು ನನ್ನ ಕಡಿನ ತಿರಗತಿದ್ರು. ಕಡೀಗೆ ಬಾಜೂ ಮನಿ ಮಾಳಿಗಿ ಮ್ಯಾಲೆ ಹಪ್ಪಳ ಒಣಹಾಕಾಕತ್ತಿದ್ದ ಆಂಟಿ ಜೋಡಿ ವೈನಿನ್ನ ತೆಲುಗಿನ್ಯಾಗ ಮಾತಿಗೆ ಹಚ್ಚಿದೆ. ಮುಖ ಅಲ್ಲೇ ನಿಂತು ಬಿಡ್ತು.

ಒಳಗ ತುಂಬಾಕ ಯೂನಿವರ್ಸಿಟಿ ಕ್ಯಾಂಪಸ್ಸಿನ ದೊಡ್ಡ ದೊಡ್ಡ ಗಿಡದ ಫೋಟೋ ತೆಗದುಕೊಂಡು ಬಂದೆ. ಪಾಠದಾಗ ಹೇಳಿದಂಗ ವೈನಿ ಫೋಟೋದ ಬಣ್ಣ ತೆಗದು ಕಪ್ಪು ಬಿಳುಪು ಮಾಡಿದೆ, ಗಿಡದ ಫೋಟೋನ ಅದರ ಮ್ಯಾಲೆ ಹಾಸಿ ಎರಡೂ ಬೆರಸಿದೆ. ಮುಖ ಎಲ್ಲಿ ಕಪ್ಪಗಿತ್ತೋ ಅಲ್ಲಿ ಗಿಡ ಮೂಡಿದ್ವು. ತುರುಬಿನ ತುಂಬ ಎಲಿ, ಕುತಗಿ ತುಂಬ ಗಿಡದ ಬೊಡ್ಡಿ. ನಾ ಕುರ್ಚಿಯಿಂದ ಎದ್ದು ಕುಣಿಯೋದೊಂದು ಬಾಕಿ.

ಎಲ್ಲಾರನ್ನೂ ಕರದು ತೋರಿಸಿದೆ. ಅಪ್ಪ ನೋಡಿ, ಚೌಕಿನ್ಯಾಗ ಶ್ರದ್ಧಾಂಜಲಿ ಬ್ಯಾನರಿನ ಮ್ಯಾಲೆ ಸತ್ತೋರು ಮೋಡದಾಗ ತೇಲಾಡ್ತಾರಲ್ಲ, ಹಂಗ ಐತಿ ಅಂದ. ಅವ್ವ ಪರದೆ ಮ್ಯಾಲೆ ವೈನಿ ಹಣಿಗೆ ಬೆರಳಿಟ್ಟು ತೋರಿಸಿದ್ಲು.

"ಕುಂಕುಮ ಎಲ್ಲೋ?"

ನೋಡಿದ್ರ ಖರೇ. ಬಣ್ಣ ತೆಗದಾಗ ಕುಂಕುಮ ಬರೇ ಕಪ್ಪು ಚುಕ್ಕಿ ಆಗಿತ್ತು, ಅಲ್ಲೇ ಒಂದು ಟೊಂಗಿ ಬಂದು ಆರಾಮಾಗಿ ಕುಂತಿತ್ತು.

"ಬಸರಿ ಹೆಣ್ಮಗಳ ಹಣಿ ಬೋಳು ಮಾಡಿ ಬೀಗ್ತಿ ಕೈಯಾಗ ಕೊಡ್ಲೇನು ನಾ?" ಅಂದ್ಲು ಅವ್ವ.

ಗಡಿಯಾರ ನನ್ನ ಕಣ್ಮುಂದ ಬಂತು. ಜರಾ ತಡೀರಿ ಅಂತ ಮಾಸ್ಕ್ ತೆಗದೆ. ಮಾಸ್ಕ್ ಅಂದ್ರ ಮ್ಯಾಲಿನ ಫೋಟೋಕ್ಕ ಹಾಕೋ ಪರದಾ ಇದ್ದಂಗ. ಕಪ್ಪು ಬ್ರಷ್ ಆಡಿಸಿದಲ್ಲಿ ಮ್ಯಾಲಿಂದು ಮರೆಯಾಗಿ, ಕೆಳಗ ಹಂಗ ಇಟ್ಟಿದ್ದ ಅಸಲಿ ಬಣ್ಣದ ಫೋಟೋ ಕಾಣ್ತೈತಿ. ಹಣಿ ಮ್ಯಾಲೆ ಆಡಿಸಿದೆ, ಕೆಂಪಗ ಕುಂಕುಮ ಹೊರಗ ಬಂತು. ಅವ್ವನ ಮುಖನೂ ಜರಾ ಸಡಲ ಆತು. ತಪ್ಪಾಗಿದ್ದು ಅಲ್ಲೇ. ತೆಗದದ್ದು ವಾಪಸ್ ತರಾಕ ಬರ್ತೈತಿ ಅಂತ ಅವಳಿಗೆ ಗೊತ್ತಾಗಿ ಬಿಡ್ತು. ಹಂಗಾರ ತಾಳಿನೂ ತಾ ಅಂದ್ಲು. ತಂದೆ. ಮೂಗಬಟ್ಟು ತಂದೆ. ಕಿವ್ಯಾನ ಝುಮಕಿ ಅಣ್ಣ ಕೊಡಿಸಿದ್ದಂತ, ಅದೂ ಬಂತು. ಅಪ್ಪಗ ಗಲ್ಲದ ಮ್ಯಾಲಿನ ಎಲಿ ಗಾಯ ಇದ್ದಂಗ ಕಂಡ್ವು, ಅವೂ ಹೋದ್ವು. ವಾರಗಟ್ಲೆ ಕಲ್ತದ್ದನ್ನ ಅವರಿಬ್ಬರೂ ಚಾ ಕುಡಕೋತ ನನ್ನ ಕೈಲೇನ ಅಳಿಸಾಕತ್ತಿದ್ರು.

ಕಡೀಗೆ ಉಳದದ್ದು ತುರುಬಿನ್ಯಾನ ಗಿಡ ಅಷ್ಟ. ಅವ್ವ ಅದಕ್ಕೂ ಬೆರಳು ಮಾಡಿದ್ಲು.

ಅಲ್ಲೀತನಕ ನಕ್ಕೋತ ಕುಂತಿದ್ದ ವೈನಿ ಎದ್ದು ಬಂದ್ರು. "ಅತ್ತಿ, ಅದೊಂದು ಬಿಡ್ರಿ. ಅದನ್ನೂ ತೆಗದ್ರ ರೇಷನ್ ಕಾರ್ಡಿನ ಫೋಟೋ ಆಗ್ತೈತಿ." ಆಮ್ಯಾಲೆ ಜರಾ ಸಣ್ಣ ದನಿಲೆ, "ಈ ಊರಾಗ ನನಗ ಮೊದಲು ಸೇರಿದ್ದು ಆ ಕ್ಯಾಂಪಸ್ಸಿನ ಗಿಡದ ನೆಳ್ಳರಿ" ಅಂದ್ರು.

ಅವ್ವ ಅವರ ಮುಖ ನೋಡಿದ್ಲು, ಪರದೆ ನೋಡಿದ್ಲು. ಫ್ರೇಮಿಗೆ ಬಂಗಾರದ ಅಂಚು ಇರ್ಲಿ ಅಂತ ಹೇಳಿ ಒಳಗ ಹ್ವಾದ್ಲು.

ಕುಬಸದ ದಿನ ಉಡಿ ತುಂಬಿ, ಊಟ ಆದ ಮ್ಯಾಲೆ ಫ್ರೇಮು ಬೀಗ್ತಿ ಕೈಗೆ ಹೋತು. ಅವರು ಫೋಟೋದಾಗಿನ ಮಗಳ ಮುಖ ನೋಡಿ ಭಾಳ ಖುಷಿಯಾಗಿ, ಸೆರಗಿನ ತುದಿಲೆ ತುರುಬಿನ ಮ್ಯಾಲಿನ ಗಾಜು ಒರಸಾಕ ಶುರು ಮಾಡಿದ್ರು. ಒರಸಿದ್ರು, ಉಸರು ಬಿಟ್ಟು ಮತ್ತ ಒರಸಿದ್ರು.

"ಅವ್ವಾ, ಅದು ಧೂಳಲ್ಲ, ಗಿಡ" ಅಂತ ವೈನಿ ಅವರ ಕೈ ಹಿಡದ್ರು. ಹಿಡದ ಬೆರಳಿಲೇನ ತೋರಿಸ್ಕೋತ ಹ್ವಾದ್ರು. ದಿನಾ ಸಂಜಿಕೆ ನಾ ತಿರಗ್ಯಾಡಾಕ ಹೋಗೋ ದಾರಿ ಇದು, ಕಾಲು ನೊಂದ್ರ ಕುಂದ್ರೋ ಕಟ್ಟಿ ಇದು, ಶೇಂಗಾ ಮಾರೋ ಮುದುಕಿ ಇಲ್ಲೇ ಇರ್ತಾಳ, ನನ್ನ ನೋಡಿದ್ರ ಒಂದು ಹಿಡಿ ಹೆಚ್ಚಿಗಿ ಹಾಕ್ತಾಳ. ಬೀಗ್ತಿ ಕಣ್ಣು ಸಣ್ಣ ಮಾಡಿ, ಹೂಂ ಹೂಂ ಅನಕೋತ, ಎಲ್ಲಾ ಕಂಡೋರಂಗ ನೋಡಾಕತ್ತಿದ್ರು.

ನಾ ತೆಗದ ಫೋಟೋದಾಗ ಕಟ್ಟಿನೂ ಇರ್ಲಿಲ್ಲ, ಮುದುಕಿನೂ ಇರ್ಲಿಲ್ಲ. ಆದ್ರೂ ನಾನೂ ಬಗ್ಗಿ, ವೈನಿ ತೋರಿಸಿದ ಕಡಿ ನೋಡಾಕ ನಿಂತೆ.