ಅತ್ತೆ ಜಾರಿ ಬೀಳಲಿಲ್ಲ

ಅಗ್ನಿಶಾಮಕ ಠಾಣೆಯಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಗಂಟೆ ಅಕ್ಕ ಎಂದು. ಹದಿನೆಂಟು ವರ್ಷ ಅಲ್ಲಿನ ಫೋನ್ ಎತ್ತಿದವಳು. ಎರಡನೇ ರಿಂಗಿಗೆ ಬಿಡದೆ ಎತ್ತಬೇಕು, ಆ ಕಡೆಯ ಕಿರುಚಾಟದ ನಡುವಿನಿಂದ ವಿಳಾಸ ಹೆಕ್ಕಬೇಕು, ಬಲಗೈ ಅದನ್ನು ಬರೆಯುತ್ತಿರುವಾಗಲೇ ಎಡಗೈ ಗಂಟೆಯ ಗುಂಡಿ ಒತ್ತಬೇಕು. ಇಷ್ಟನ್ನೂ ಆಕೆ ಮಾಡುತ್ತಿದ್ದ ವೇಗಕ್ಕೆ ಠಾಣೆಯೇ ತಲೆದೂಗುತ್ತಿತ್ತು. "ಅಕ್ಕನಿಗೆ ಬೆಂಕಿ ಹತ್ತೋ ಮುಂಚೇನೇ ವಾಸನೆ ಬರುತ್ತೆ," ಎಂದು ನಗುತ್ತಿದ್ದರು. ಆಕೆಯ ಗಂಡ ಅದೇ ಠಾಣೆಯಲ್ಲಿ ನೀರಿನ ಗಾಡಿಯ ಡ್ರೈವರ್. ಆತ ಮನೆಗೆ ಬಂದು, ಮಸಿ ತೊಳೆದುಕೊಂಡು, ಉಂಡು, ಮಗುವಿನಂತೆ ನಿದ್ದೆ ಹೋಗುತ್ತಿದ್ದ.

ಆಕೆಗೆ ಮಾತ್ರ ಹಾಗಾಗುತ್ತಿರಲಿಲ್ಲ. ಪಕ್ಕದ ಮನೆಯ ಬಾಗಿಲು ಬಡಿದುಕೊಂಡರೆ ಎದೆ ಧಸಕ್ಕೆನ್ನುತ್ತಿತ್ತು. ಯಾರೋ ತಟ್ಟೆ ಬೀಳಿಸಿದರೆ ಅಂಗೈ ಬೆವರಿ, ಬಾಯಿ ಒಣಗಿ, ಅರ್ಧ ಗಂಟೆ ಮೈ ಹತೋಟಿಗೆ ಬರುತ್ತಿರಲಿಲ್ಲ. ಮನೆಯ ಕರೆಗಂಟೆಯ ಬ್ಯಾಟರಿಯನ್ನು ತಾನೇ ತೆಗೆದು, "ಹಾಳಾಗಿದೆ, ಹಾಕಿಸೋಣ," ಎನ್ನುತ್ತಾ ಎರಡು ವರ್ಷ ತಳ್ಳಿದ್ದಳು. ಠಾಣೆಯಲ್ಲಿ ಒಂದು ಕರೆ ಮುಗಿದ ಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ನಡುಗುವ ಕೈಗಳನ್ನು ನೀರಿನ ಕೆಳಗೆ ಹಿಡಿದು ನಿಲ್ಲುತ್ತಿದ್ದಳು. ಇದನ್ನು ಯಾರಿಗೂ ಹೇಳಲಿಲ್ಲ. ಬೆಂಕಿಯೊಳಗೆ ನುಗ್ಗಿ ಬರುವವರೇ ಚೆನ್ನಾಗಿದ್ದಾರೆ, ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರುವವಳಿಗೆ ಎಂಥ ಭಯ? ಯಾರಾದರೂ ಕೇಳಿದರೆ ಬಿದ್ದು ಬಿದ್ದು ನಗುತ್ತಾರೆ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಹೀಗಿರುವಾಗ ಒಂದು ಸಂಜೆ ಆಕೆ ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಾಲನ್ನೇ ನೋಡುತ್ತಾ ನಿಂತಿದ್ದಳು. ಅತ್ತೆಗೆ ಎಪ್ಪತ್ತಾರು ವರ್ಷ, ಹಗುರ ಮೈ, ನಡೆದರೆ ಸದ್ದಾಗುವುದಿಲ್ಲ. ಕನ್ನಡಕ ಎಲ್ಲಿಟ್ಟೆನೆಂದು ಕೇಳಲು ಬಂದವರು ಹಿಂದಿನಿಂದ ಸೊಸೆಯ ಮೊಣಕೈ ಮುಟ್ಟಿದರು. ಅಷ್ಟೇ. ಆಕೆ ತಿರುಗಿದ್ದೂ ಎರಡೂ ಕೈಯಿಂದ ನೂಕಿದ್ದೂ ಒಟ್ಟಿಗೇ ಆಗಿಹೋಯಿತು. ಅತ್ತೆ ಬಾಗಿಲ ಚೌಕಟ್ಟಿಗೆ ತಾಗಿ, ಬಲಗೈ ಊರಿಕೊಂಡು ನೆಲಕ್ಕೆ ಬಿದ್ದರು. ಒಣಕಡ್ಡಿ ಲಟಕ್ಕೆಂದ ಹಾಗೆ ಒಂದು ಸದ್ದು ಕೇಳಿಸಿತು. ಹಾಲು ಉಕ್ಕಿ ಒಲೆ ಆರಿಹೋಯಿತು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಪಟ್ಟಿ ಸುತ್ತುತ್ತಾ, "ಹೇಗೆ ಬಿದ್ರಿ ಅಮ್ಮ?" ಎಂದು ಕೇಳಿದರು. ಠಾಣೆಯಿಂದ ಓಡಿಬಂದ ಗಂಡ ಪಕ್ಕದಲ್ಲೇ ನಿಂತಿದ್ದ. ಗಂಟೆ ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿಬಿಟ್ಟರು: "ಅಡುಗೆಮನೆ ನೆಲ ಒದ್ದೆ ಇತ್ತಪ್ಪ. ಕಾಲು ಜಾರ್ತು."

ತೆರೆದ ಬಾಯನ್ನು ಆಕೆ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ನೆಲ ಒರೆಸುವ ಹೆಂಗಸು ಎಂದಿನಂತೆ ಕೆಲಸಕ್ಕೆ ಬಂದಳು. ಆರು ವರ್ಷದಿಂದ ಬರುತ್ತಿದ್ದವಳು. ಗಂಡ ಅವಳನ್ನು ಬಾಗಿಲಲ್ಲೇ ತಡೆದ.

"ಬಟ್ಟೆ ಚೆನ್ನಾಗಿ ಹಿಂಡಿ ಒರೆಸು ಅಂತ ಎಷ್ಟು ಸಲ ಹೇಳಿದೀನಿ? ಈಗ ನೋಡು, ನಿನ್ನೆ ಸಂಜೆ ಜಾರಿ ಬಿದ್ದು ನಮ್ಮಮ್ಮನ ಕೈ ಮುರೀತು."

"ಸಾರ್, ನಾನು ಒರೆಸಿ ಹೋಗಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಅಮ್ಮ ಬಿದ್ದಿದ್ದು ಸಂಜೆ ಅಂತೀರಿ. ಅಲ್ಲೀವರೆಗೂ ನೆಲ ಒಣಗಲ್ವಾ?"

"ತಪ್ಪೂ ಮಾಡಿ ಎದುರು ಮಾತು ಬೇರೆ! ನಾಳೆಯಿಂದ ಬರಬೇಡ."

ಅವಳು ಆತನನ್ನು ಬಿಟ್ಟು ಗಂಟೆ ಅಕ್ಕನ ಮುಖ ನೋಡಿದಳು. ಆಕೆ ಕೈಯಲ್ಲಿ ಕಾಫಿ ಲೋಟ ಹಿಡಿದು ಗೋಡೆಗೆ ಒರಗಿದ್ದಳು. ಒಂದು ಮಾತು ಸಾಕಿತ್ತು. ಆಕೆ ಕಣ್ಣು ತಗ್ಗಿಸಿ ಲೋಟದೊಳಗೆ ನೋಡಿದಳು. ಹೆಂಗಸು ಮೆಟ್ಟಿಲಿಳಿದು ಹೋದ ಸದ್ದು ಕೊನೆಯ ಮೆಟ್ಟಿಲವರೆಗೂ ಕೇಳಿಸಿತು.

ಆಮೇಲಿನ ದಿನಗಳಲ್ಲಿ ಆಕೆ ಅತ್ತೆಯ ಸೇವೆಗೆ ನಿಂತಳು. ಸ್ನಾನ ಮಾಡಿಸಿದಳು, ತಲೆ ಬಾಚಿದಳು, ತುತ್ತು ಕಲಸಿ ಬಾಯಿಗಿಟ್ಟಳು. "ಎಂಥ ಸೊಸೆ!" ಎಂದು ನೋಡಲು ಬಂದವರು ಹೊಗಳಿದಾಗ ನೆಲ ಬಿರಿದು ನುಂಗಬಾರದೇ ಅನ್ನಿಸುತ್ತಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಅತ್ತೆ ಈಗ ಅಡುಗೆಮನೆಗೆ ಬರುವ ಮೊದಲು ನಡುಮನೆಯಿಂದಲೇ ಕೆಮ್ಮುತ್ತಿದ್ದರು. "ಬರ್ತಾ ಇದೀನಿ ಕಣಮ್ಮ," ಎಂದು ಕೂಗಿ, ಆಮೇಲೆ ಒಳಗೆ ಹೆಜ್ಜೆ ಇಡುತ್ತಿದ್ದರು. ತಮ್ಮದೇ ಮನೆಯಲ್ಲಿ ಹೀಗೆ ಅಪ್ಪಣೆ ಕೇಳಿಕೊಂಡು ಓಡಾಡುವ ಗತಿ ಅವರಿಗೆ ಬಂದಿತ್ತು. ಆ ಕೆಮ್ಮು ಕೇಳಿದಾಗಲೆಲ್ಲ ಗಂಟೆ ಅಕ್ಕ ಹಿಡಿಯಷ್ಟಾಗುತ್ತಿದ್ದಳು.

ಹದಿನಾಲ್ಕನೇ ದಿನ ಮಧ್ಯಾಹ್ನ, ಅತ್ತೆಯ ಕೂದಲು ಬಿಡಿಸುತ್ತಾ ಆಕೆ ಕೇಳಿಯೇಬಿಟ್ಟಳು. "ಅತ್ತೆ, ಆಸ್ಪತ್ರೇಲಿ ನೀವ್ಯಾಕೆ ಸುಳ್ಳು ಹೇಳಿದ್ರಿ?"

ಅತ್ತೆ ಪಟ್ಟಿ ಸುತ್ತಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು. "ನೀನು ನೂಕಿದಾಗ ನಿನ್ನ ಕಣ್ಣು ನೋಡಿದೆ. ಅವು ನನ್ನನ್ನ ನೋಡ್ತಾನೇ ಇರಲಿಲ್ಲ. ಅದನ್ನ ಮಗನಿಗೆ ಹೇಗೆ ಬಿಡಿಸಿ ಹೇಳೋದು ಅಂತ ತೋಚಲಿಲ್ಲ. ಬಾಯಿಗೆ ಬಂದಿದ್ದು ಹೇಳಿದೆ. ಆ ಹೆಂಗಸಿನ ಕೆಲಸಕ್ಕೇ ಸಂಚಕಾರ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಈಗ ಬಾಯಿ ಬಿಡೋಕೆ ನನಗೂ ನಾಚಿಕೆ."

ಆ ಭಾನುವಾರ ಗಂಡ ಕಿಟಕಿಯ ಬಳಿ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಾಗ ಆಕೆ ಎದುರಿಗೆ ಹೋಗಿ ಕುಳಿತಳು.

"ರೀ, ಅತ್ತೆ ಜಾರಿ ಬೀಳಲಿಲ್ಲ. ನಾನು ನೂಕಿದೆ."

ಆತನ ಕೈಯ ಬ್ರಷ್ ನಿಂತಿತು. "ಬೇಕಂತ?"

"ಇಲ್ಲ. ಹಿಂದಿನಿಂದ ಮುಟ್ಟಿದ್ರು. ನನಗೆ ಗೊತ್ತಾಗೋದ್ರೊಳಗೆ ಕೈ ಹೋಗಿತ್ತು."

ಬಚ್ಚಲ ನಲ್ಲಿ, ಕರೆಗಂಟೆಯ ಬ್ಯಾಟರಿ, ಎಷ್ಟೋ ವರ್ಷದಿಂದ ಕೆಟ್ಟ ನಿದ್ದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕೇಳಿ ಆತ ಮೊದಲು ಆಡಿದ್ದು ಸಮಾಧಾನದ ಮಾತನ್ನಲ್ಲ. "ಹಾಗಾದ್ರೆ ಆ ಹೆಂಗಸಿಗೆ ನಾನು ಅಷ್ಟೆಲ್ಲ ಬೈದೆನಲ್ಲ? ನೀನು ಅಲ್ಲೇ ನಿಂತಿದ್ದೆ!"

"ನಿಂತಿದ್ದೆ."

ಆತ ಬೂಟನ್ನು ಕೆಳಗಿಟ್ಟ. "ಇಷ್ಟು ವರ್ಷ ನನಗೊಂದು ಮಾತು ಹೇಳಬಾರದಿತ್ತಾ?"

"ನೀವು ಬೆಂಕಿ ಒಳಗೆ ಹೋಗಿ ಬರೋರು. ನಾನು ಕುರ್ಚಿ ಬಿಸಿ ಮಾಡೋಳು. ಯಾವ ಮುಖ ಇಟ್ಕೊಂಡು ಹೇಳಲಿ?"

"ನಾವು ನೀರು ಹೊಡೀತೀವಿ, ಆರಿದ್ದನ್ನ ಕಣ್ಣಾರೆ ನೋಡಿ ವಾಪಸ್ ಬರ್ತೀವಿ. ನಿನಗೆ ಬರೀ ಕೂಗು ಕೇಳುತ್ತೆ, ಲೈನ್ ಕಟ್ಟಾಗುತ್ತೆ," ಎಂದ ಆತ. ಆಮೇಲೆ, "ಮೊದಲು ಆ ಹೆಂಗಸಿನ ಮನೆಗೆ ಹೋಗೋಣ, ನಾನೂ ಬರ್ತೀನಿ," ಎಂದು ಎದ್ದ. ಆಕೆ ಒಪ್ಪಲಿಲ್ಲ. ಮೊದಲು ತಾನೊಬ್ಬಳೇ ಹೋಗಬೇಕು ಎಂದಳು.

ನೆಲ ಒರೆಸುವ ಹೆಂಗಸಿನದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ಮನೆ. ಬಾಗಿಲು ತೆರೆದವಳು ಒಳಗೆ ಬನ್ನಿ ಎನ್ನಲಿಲ್ಲ. ಗಂಟೆ ಅಕ್ಕ ಹೊಸ್ತಿಲಾಚೆ ನಿಂತೇ ನಡೆದದ್ದು ಹೇಳಿದಳು.

"ನನಗೆ ಅವತ್ತೇ ಗೊತ್ತಾಯ್ತು," ಎಂದಳು ಅವಳು. "ಲೋಟದಲ್ಲಿ ಏನು ಹುಡುಕ್ತಾ ಇದ್ರಿ ಅಕ್ಕ? ಒಂದು ಮಾತು ಆಡಿದ್ರೆ ಸಾಕಿತ್ತು."

"ತಪ್ಪಾಯ್ತು. ವಾಪಸ್ ಬಾ ಅಂತ ಕೇಳೋಕೆ ಬಂದೆ."

"ನಾನು ಬೇರೆ ಕಡೆ ಸೇರಿದೀನಿ. ಆ ವಿಷಯ ಬಿಡಿ. ಆದ್ರೆ ನಿಮ್ಮ ಕಟ್ಟಡದಲ್ಲೇ ಇನ್ನೂ ಮೂರು ಮನೆ ಇತ್ತು ನಂದು. ಮುದುಕೀನ ಬೀಳಿಸಿದೋಳು ಅಂತ ಸುದ್ದಿ ಹಬ್ಬಿ ಅವರೂ ಬಿಡಿಸಿದ್ರು. ನಿಮ್ಮ ಕ್ಷಮೆ ಇಟ್ಕೊಂಡು ನಾನೇನು ಮಾಡ್ಲಿ? ಆ ಮೂರು ಮನೆಗೆ ಹೋಗಿ ಹೇಳ್ತೀರಾ?"

"ಹೇಳ್ತೀನಿ," ಎಂದಳು ಗಂಟೆ ಅಕ್ಕ.

ಹೇಳಿದಳು ಕೂಡ. ಅದೇ ಸಂಜೆ, ಒಂದೊಂದೇ ಬಾಗಿಲು ತಟ್ಟಿ. ಮೊದಲ ಮನೆಯವರು, "ಅಯ್ಯೋ, ಅದನ್ನೆಲ್ಲ ಯಾಕೆ ಹೇಳ್ತೀರಿ, ಬಿಡಿ," ಎಂದು ಅರ್ಧಕ್ಕೇ ಬಾಗಿಲು ಮುಚ್ಚಿದರು. ಎರಡನೇ ಮನೆಯವಳು, "ಅತ್ತೆ ಮೇಲೆ ಕೈ ಮಾಡಿದ್ರಾ?" ಎಂದು ಎರಡೆರಡು ಸಲ ಕೇಳಿದಳು. ಎರಡು ಸಲವೂ ಆಕೆ ಹೌದೆಂದಳು. ಮೂರನೇ ಮನೆಯ ಹೆಂಗಸು ಪೂರ್ತಿ ಕೇಳಿಸಿಕೊಂಡಳು, ಆದರೆ ಮರುದಿನದಿಂದ ಮೆಟ್ಟಿಲಲ್ಲಿ ಎದುರಾದರೆ ಮಗಳನ್ನು ಆಚೆ ಬದಿಗೆ ಎಳೆದುಕೊಂಡು ಹೋಗತೊಡಗಿದಳು. ಆಕೆಗೆ ಅದೂ ಸರಿಯೆಂದೇ ತೋರಿತು.

ಆಮೇಲೆ ತನ್ನನ್ನೇ ತೋರಿಸಿಕೊಳ್ಳಲು ಇನ್ನೊಬ್ಬ ಡಾಕ್ಟರ ಸರದಿ. ಅವರೊಬ್ಬ ಹಿರಿಯ ಹೆಂಗಸು, ಅವಸರವಿಲ್ಲದವರು. ನೂಕಿದ್ದನ್ನೂ ಆಮೇಲೆ ಸುಮ್ಮನಿದ್ದದ್ದನ್ನೂ ಆಕೆ ಅವರಿಗೆ ಬಿಡದೆ ಹೇಳಿದಳು. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೆ ಹೊಡೆದುಕೊಳ್ಳಬಹುದು ಎಂದು ರಕ್ತಪರೀಕ್ಷೆ ಬರೆದುಕೊಟ್ಟರು. ವರದಿಯಲ್ಲಿ ಎಲ್ಲ ಸರಿಯಾಗಿತ್ತು. ಆಕೆಗೆ ಅಳು ಬಂತು. ರೋಗವೆಂದು ಒಂದು ಹೆಸರು ಸಿಕ್ಕಿದ್ದರೆ ತಲೆಯೆತ್ತಿ ಹೇಳಿಕೊಳ್ಳಬಹುದಿತ್ತು. ಈಗ ಕೆಟ್ಟವಳು ತಾನೇ ಎಂದಾಯಿತಲ್ಲ!

"ದಿನಕ್ಕೆ ಎಷ್ಟು ಕಾಫಿ?" ಡಾಕ್ಟರು ಕೇಳಿದರು.

"ಆರು. ಪಾಳಿ ಬದಲಾದ ದಿನ ಏಳೆಂಟು."

"ಚಿಕ್ಕವರಿದ್ದಾಗ ಮನೇಲಿ ಹೇಗಿತ್ತು?"

ಇದನ್ನು ಆಕೆಯನ್ನು ಯಾರೂ ಕೇಳಿರಲಿಲ್ಲ. ಅಪ್ಪನ ಸ್ಕೂಟರು ತಿರುವಿನಲ್ಲಿ ಬರುವ ಸದ್ದಿನಿಂದಲೇ ಆ ದಿನ ಹೊಡೆತ ಬೀಳುತ್ತದೋ ಇಲ್ಲವೋ ಎಂದು ತಾನು ತಂಗಿಯರಿಗೆ ಹೇಳುತ್ತಿದ್ದುದನ್ನು ಆಕೆ ಹೇಳಿದಳು. ಹೇಳುವಾಗ ಅಪ್ಪನ ಮೇಲೆ ಚಾಡಿ ಹೇಳಿದಂತಾಗಿ ಮುಖ ಕೆಂಪಾಯಿತು.

"ನೀವು ಠಾಣೆಗೆ ಸೇರೋ ಮುಂಚೆನೇ ನಿಮ್ಮ ಕಿವಿ ಕೆಲಸಕ್ಕೆ ಸೇರಿತ್ತು ಅನ್ನಿ," ಎಂದರು ಡಾಕ್ಟರು. "ಅದರ ಮೇಲೆ ಹದಿನೆಂಟು ವರ್ಷದ ಫೋನು, ನೆಟ್ಟಗಿಲ್ಲದ ನಿದ್ದೆ, ಇಷ್ಟೊಂದು ಕಾಫಿ. ಇದೇ ಕಾರಣ ಅಂತ ಒಂದನ್ನೇ ತೋರಿಸೋಕಾಗಲ್ಲ. ಅಪಾಯ ಅಂತ ಮೈ ಕೂಗಿ ಹೇಳೋದು ತಪ್ಪಲ್ಲಮ್ಮ. ನಿಮ್ಮ ಮೈಗೆ ನಿಲ್ಲಿಸೋದು ಮರೆತುಹೋಗಿದೆ."

"ನಾನು ನೂಕಿದ್ದು ನನ್ನ ತಪ್ಪಲ್ವಾ ಹಾಗಾದ್ರೆ?"

"ನೂಕಿದ್ದು ಅಲ್ಲ. ಆಮೇಲೆ ಸುಮ್ಮನಿದ್ದದ್ದು ನಿಮಗೇ ಗೊತ್ತು."

ಆ ಮಾತು ಆಕೆಗೆ ಒಗ್ಗಿತು. ಪೂರ್ತಿ ಬಿಡುಗಡೆ ಕೊಟ್ಟಿದ್ದರೆ ಬಹುಶಃ ನಂಬುತ್ತಿರಲಿಲ್ಲ.

ಫೋನಿನ ಮೇಜಿನಿಂದ ಬದಲಿ ಕೇಳಿ ಅರ್ಜಿ ಬರೆಯಬೇಕಾಯಿತು. ಕಾರಣದ ಸಾಲಿನಲ್ಲಿ ಮೊದಲು 'ಬೆನ್ನುನೋವು' ಎಂದು ಬರೆದು ಹರಿದುಹಾಕಿದಳು. ಎರಡನೆಯದರಲ್ಲಿ ನಿಜ ಬರೆದಳು. ಠಾಣಾಧಿಕಾರಿ ಅದನ್ನು ಎದುರಿಗೇ ಓದುತ್ತಿದ್ದಷ್ಟು ಹೊತ್ತೂ ಆಕೆ ಗೋಡೆಯ ಮೇಲಿನ ನಕಾಶೆ ನೋಡುತ್ತಾ ನಿಂತಿದ್ದಳು. ಅವರು ಏನೂ ಕೇಳದೆ ಸಹಿ ಹಾಕಿದರು. ಆಕೆಯನ್ನು ಸಾಮಾನು ಕೋಣೆಗೆ ಹಾಕಿದರು. ನೀರಿನ ಪೈಪುಗಳನ್ನು ಒಣಗಿಸಿ ಸುತ್ತಿಡುವುದು, ಹರಿದವನ್ನು ಬೇರೆ ಮಾಡುವುದು, ಹೆಲ್ಮೆಟ್ಟುಗಳ ಕಟ್ಟುಪಟ್ಟಿ ಗಟ್ಟಿಯಿದೆಯೇ ನೋಡುವುದು ಅಲ್ಲಿನ ಕೆಲಸ. ವಾರಕ್ಕೊಮ್ಮೆ ಆಪ್ತಸಮಾಲೋಚಕಿಯ ಬಳಿ ಹೋಗುತ್ತಿದ್ದಳು. ಎದೆ ಹೊಡೆದುಕೊಂಡಾಗ ಪಾದಗಳನ್ನು ನೆಲಕ್ಕೆ ಒತ್ತಿ, ಒಳಗೆಳೆದದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುವುದನ್ನು ಕಲಿತಳು. ಮೊದಮೊದಲು, ಉಸಿರಾಡುವುದಕ್ಕೂ ಪಾಠವೇ ಎಂದು ಅದಕ್ಕೂ ನಾಚಿಕೆಯಾಗುತ್ತಿತ್ತು. ಕಾಫಿ ಎರಡಕ್ಕಿಳಿಯಿತು, ಮೊದಲ ವಾರವಿಡೀ ತಲೆ ಸಿಡಿದು ಹೋಯಿತು.

ಒಂದು ವರ್ಷದಲ್ಲಿ ಅರ್ಧ ವಾಸಿಯಾಯಿತು ಎನ್ನಬಹುದು. ಅರ್ಧ ಉಳಿದಿದೆ. ಅತ್ತೆಯ ಮಣಿಕಟ್ಟು ಕೂಡಿತು, ಆದರೆ ಪೂರ್ತಿ ಮಡಚುವುದಿಲ್ಲ. ಕೆಮ್ಮಬೇಡಿ ಎಂದು ಎಷ್ಟು ಹೇಳಿದರೂ ಅವರು ಕೇಳುವುದಿಲ್ಲ. ಮೂರು ಮನೆಗಳ ಪೈಕಿ ಎರಡು ಮನೆಯವರು ನೆಲ ಒರೆಸುವ ಹೆಂಗಸನ್ನು ಮತ್ತೆ ಕರೆದರು. ಅವಳು ಒಂದಕ್ಕೆ ಹೋದಳು, ಇನ್ನೊಂದಕ್ಕೆ ಆಗುವುದಿಲ್ಲ ಎಂದಳು. ಗಂಡ ಒಂದು ದಿನ ಅವಳನ್ನು ಮೆಟ್ಟಿಲಲ್ಲೇ ನಿಲ್ಲಿಸಿ ತಪ್ಪಾಯಿತೆಂದ. "ಆಯ್ತು ಸಾರ್," ಎಂದು ಬಕೆಟ್ ಎತ್ತಿಕೊಂಡು ಹೋದಳು. ಇವರ ಬಾಗಿಲ ಕಡೆಗೆ ಮಾತ್ರ ತಿರುಗಿ ನೋಡುವುದಿಲ್ಲ.

ಈಚೆಗೆ ಫೋನಿನ ಮೇಜಿಗೆ ಬಂದವನು ದಪ್ಪ ಮೀಸೆಯ, ನಲವತ್ತು ದಾಟಿದ ಗಟ್ಟಿ ಆಳು. ಮೊನ್ನೆ ಟಾರ್ಚಿನ ಬ್ಯಾಟರಿ ಬೇಕೆಂದು ಸಾಮಾನು ಕೋಣೆಗೆ ಬಂದ. ಆಕೆಯ ಹಿಂದೆ ಕಪಾಟಿನ ಬಾಗಿಲು ದಢಾರನೆ ಬಡಿದಾಗ ಇಬ್ಬರೂ ಒಟ್ಟಿಗೇ ಬೆಚ್ಚಿಬಿದ್ದರು. ಆತ ಮೀಸೆ ನೀವಿಕೊಂಡು ಜೋರಾಗಿ ನಕ್ಕ.

"ರಜೆ ದಿನ ಮನೇಲೂ ಹೀಗಾಗುತ್ತಾ ನಿಮಗೆ?" ಆಕೆ ಕೇಳಿದಳು.

"ಛೆ ಛೆ, ನನಗೇನು ಅಕ್ಕ, ಕಲ್ಲಿನ ಹಾಗಿದೀನಿ."

ಆಕೆಯ ಕಿವಿ ಬಿಸಿಯಾಯಿತು. ಹೇಳಬೇಕಾದ್ದನ್ನು ಎಷ್ಟು ಸಲ ಹೇಳಿದರೂ ಆ ಬಿಸಿ ಕಡಿಮೆಯಾಗಿಲ್ಲ. ಆದರೂ ಆತನ ಮುಖ ನೋಡಿಕೊಂಡೇ ಹೇಳಿದಳು.

"ನನಗೆ ಆಗ್ತಿತ್ತು. ಹಾಗೆ ಬೆಚ್ಚಿಬಿದ್ದು ನಮ್ಮತ್ತೆ ಕೈ ಮುರಿದೆ. ಆಮೇಲೆ ಇನ್ನೊಬ್ಬಳ ಮೇಲೆ ತಪ್ಪು ಬಿದ್ದಾಗ ಬಾಯಿ ಮುಚ್ಕೊಂಡಿದ್ದೆ."

ಆತನ ನಗು ಇಳಿಯಿತು. ಬ್ಯಾಟರಿಗಳನ್ನು ಕೈಯಲ್ಲಿ ಹಿಡಿದುಕೊಂಡೇ, ಸುತ್ತಿಟ್ಟ ಪೈಪುಗಳ ಮೇಲೆ ಮೆಲ್ಲಗೆ ಕುಳಿತ.

"ಎಷ್ಟು ದಿನದಿಂದ ಹಾಗಾಗ್ತಿತ್ತು ಅಕ್ಕ ನಿಮಗೆ?" ಎಂದು ಕೇಳಿದ.